ಗೀಸರ್ ಆರಿಸಿದ ದಿನ

ತಣ್ಣೀರಿನ ನಲ್ಲಿ ಕೈ ಸುಟ್ಟಿತು ಇವತ್ತು ಬೆಳಿಗ್ಗೆ.
ಸೋಹಾರಿನಲ್ಲಿ ನಮಗೆ ಇದೇ ಪಂಚಾಂಗ.
ಗೀಸರಿನ ಸ್ವಿಚ್ಚು ಆರಿಸಿ, ಕೆಂಪು ದೀಪ ಹೋದದ್ದು ನೋಡಿ
ಗೆಳೆಯರಿಗೆ ಸುದ್ದಿ ಕಳಿಸಿದೆ:
'ಶುರುವಾಯಿತು. ರಾತ್ರಿ ತಾರಸಿ.'
ಇನ್ನು ಸೆಪ್ಟೆಂಬರ್ ಕಳೆಯುವ ತನಕ
ಬಿಸಿನೀರಿನ ನಲ್ಲಿಯಲ್ಲಿ ತಂಪು, ತಣ್ಣೀರಿನದರಲ್ಲಿ ಬಿಸಿ.
ಬಂದ ನೆಂಟರಿಗೆಲ್ಲ ವಿವರಿಸಿ ಸುಸ್ತಾಗಿ
ಬಚ್ಚಲ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.

ನಾಲ್ಕನೇ ವರ್ಷ ಇದು.
ಋತು ಬದಲಾದರೆ ಜಪಾನಿನವರು ಮೂರು ಸಾಲು ಬರೆಯುತ್ತಾರಂತೆ,
ಐದು, ಏಳು, ಐದು, ನಮಗೇನು ಋತುವಿಲ್ಲವೇ
ಎಂದು ಮೊದಲು ಕೇಳಿದವಳು ಗಣಿತದ ಟೀಚರ್ ವಸುಧಾ.
'ಉಂಟಲ್ಲ, ಎರಡುಂಟು' ಅಂದಿದ್ದ ಲ್ಯಾನ್ಸಿ,
'ಏಸಿ ಕೆಟ್ಟಿತೆಂದು ನನಗೆ ಫೋನು ಬರುವುದೊಂದು,
ಬಾರದ್ದು ಇನ್ನೊಂದು.'

ರಾತ್ರಿ ಒಂಬತ್ತು. ತಾರಸಿಯ ನೆಲಕ್ಕೆ ಇನ್ನೂ ಜ್ವರ.
ಮೈಮುನಾ ಡ್ಯೂಟಿಯಿಂದ ನೇರ ಬಂದಿದ್ದಾಳೆ;
ಕನ್ನಡಕಕ್ಕೆ ಮಂಜು, ಒರೆಸಿದರೆ ಮತ್ತೆ ಮಂಜು.
ತಿಪ್ಪೇಶಿ ತಂದದ್ದು ಹೊಸ ಖರ್ಜೂರ, ನಗಾಲ್ ತಳಿ,
ತುದಿಯಲ್ಲಿ ಹಣ್ಣು, ಬುಡದಲ್ಲಿ ಇನ್ನೂ ಹಳದಿ ಕಾಯಿ.
ಲಬನ್ ಡಬ್ಬಿಗಳು ಬೆವರುತ್ತಿವೆ.
ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತವ
ಹೌಹಾರಿ ಎದ್ದು ಪಕ್ಕಕ್ಕೆ ಸರಿಯುತ್ತಾನೆ.

ದಿನವಿಡೀ ಬಂದರಿನ ಮೇಲೆ ಗಾಜಿನ ಗೂಡಿನಲ್ಲಿ
ಒಬ್ಬನೇ ಕೂರುವ ತಿಪ್ಪೇಶಿಯದು ಮೊದಲು:

  ಕ್ರೇನಿನ ತುದಿ.
  ಬಾಯಿ ತೆರೆದ ಕಾಗೆ
  ಕೂಗಲೇ ಇಲ್ಲ.

ಲ್ಯಾನ್ಸಿ ಗಂಟಲು ಸರಿಮಾಡಿಕೊಂಡ:

  ಗೀಸರ್ ಆಫು.
  ಇನ್ನು ನನ್ನ ಫೋನಿಗೆ
  ನಿದ್ದೆ ಎಲ್ಲಿಂದ!

ವಸುಧಾ ಬೆರಳು ಮಡಚಿದಳು. 'ಮೊದಲ ಸಾಲು ನಾಲ್ಕೇ.'
'ಐದು ಮಾರಾಯ್ತಿ. ಗೀ, ಸ, ರ್, ಆ, ಫು.'
'ಆ ರ್ ಎಣಿಕೆಗಿಲ್ಲ. ಸ್ವಂತ ಸ್ವರವಿಲ್ಲ ಅದಕ್ಕೆ,
ಹಿಂದಿನ ಅಕ್ಷರಕ್ಕೆ ಜೋತುಬಿದ್ದದ್ದು.'
'ಫ್ಯಾಮಿಲಿ ವೀಸಾ ಅನ್ನಕ್ಕ' ಎಂದ ತಿಪ್ಪೇಶಿ.
'ಫ್ಯಾಮಿಲಿ ವೀಸಾದವರನ್ನೂ ಎಣಿಸುತ್ತಾರೆ,
ಫೀಸು ತಗೊಳ್ಳುವಾಗ' ಎಂದಳು ಮೈಮುನಾ.
ಕೈ ಎತ್ತಿ ಮತ ಹಾಕಿದೆವು. ರ್ ಗೆದ್ದಿತು.

ಆಮೇಲೆ ಅವಳೇ, ಮೈಮುನಾ, ಫೋನು ನೋಡದೆ ಹೇಳಿದಳು:

  ಮೊದಲ ರೋಗಿ.
  ಹೆಸರು ಕೇಳಿದರೆ
  'ನೀರು' ಎಂದನು.

ಯಾರೂ ಬೆರಳು ಮಡಚಲಿಲ್ಲ.
ಸಾಲಾಗಿ ಕೂತ ಏಸಿ ಯಂತ್ರಗಳು ಬಿಸಿ ಉಸಿರು ಬಿಡುತ್ತಿದ್ದವು.
ಆಮೇಲೇನಾಯಿತು ಎಂದು ನಾವು ಕೇಳಲಿಲ್ಲ,
ಅವಳು ಖರ್ಜೂರದ ಬೀಜವನ್ನು ಕಾಗದದಲ್ಲಿ ಸುತ್ತಿ
ಮತ್ತೆ ಬಿಚ್ಚಿ, ಮತ್ತೆ ಸುತ್ತಿದಳು.

'ನನ್ನದು ಬೇಡ' ಎಂದಳು ವಸುಧಾ.
'ಲೆಕ್ಕ ಸರಿಯಿದೆ. ಬೇರೇನೂ ಇಲ್ಲ ಅದರಲ್ಲಿ.'
ನನ್ನ ಹಾಳೆಯಲ್ಲಿ 'ತಣ್ಣೀರ ನಲ್ಲಿ' ಎಂಬ ಐದಕ್ಷರ,
ಅದರ ಮೇಲೆ ಹೆಬ್ಬೆರಳಿನ ಅಂಟು.

ಆಗ ಮೆಟ್ಟಿಲಲ್ಲಿ ಟಾರ್ಚಿನ ಬೆಳಕು: ವಾಚ್‌ಮನ್ ಶಫೀಕುಲ್.
ನಮ್ಮನ್ನು ದಾಟಿ, ಟ್ಯಾಂಕಿನ ಏಣಿ ಹತ್ತಿ,
ಮುಚ್ಚಳ ಎತ್ತಿ, ಒಳಗೆ ತಲೆ ಹಾಕಿ,
ಅಲ್ಲಿಂದಲೇ ಕೂಗಿದ, ದನಿ ಡೋಲಿನಂತೆ ಮೊಳಗಿತು:

  ಪಾನಿ ಆಧಾ ಹೈ.
  ಗಾಡಿ ಕಲ್ ಆಯೇಗಾ.
  ಆಜ್ ನಹಾನಾ ನೈ!

ಇಳಿದು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಹೋದ.
ವಸುಧಾಳ ಬೆರಳು ತಾವಾಗಿ ಮಡಚಿಕೊಂಡಿದ್ದವು.
'ಐದು. ಕಲ್‌ನ ಲ್ ಸೇರಿಸಿದರೆ ಏಳು. ಆಮೇಲೆ…'
'ಆರು!' ಲ್ಯಾನ್ಸಿ ನೆಗೆದ. 'ಆಜ್ ಎಂಬಲ್ಲಿ ಜ್ ಒಂದು ಓವರ್‌ಸ್ಟೇ!'
'ಇರಲಿ ಬಿಡು' ಎಂದಳು ಲೆಕ್ಕದ ಟೀಚರ್,
ನನ್ನ ಕೈಯಿಂದ ಪೆನ್ನು ಕಿತ್ತು
ನನ್ನ ಐದಕ್ಷರದ ಕೆಳಗೇ ಅದನ್ನು ಬರೆದುಕೊಂಡಳು,
ತಾರೀಖು ಹಾಕಿ, ಹೆಸರು ಹಾಕಿ.

ಎಲ್ಲ ಹೋದ ಮೇಲೆ ಕದ್ದು ಬಚ್ಚಲಿಗೆ ಹೊಕ್ಕು
ಬಿಸಿನೀರಿನ ನಲ್ಲಿ ತಿರುಗಿಸಿದೆ, ಒಂದೇ ಚೊಂಬು.
ಇನ್ನೂ ಬೆಚ್ಚಗಿತ್ತು.
ನಾಳೆಗೆ ತಣಿದೀತು.